ಸಂಬಳದ ಆಟಗಾರ

ನವೆಂಬರ್ ಕಾಲಿಟ್ಟಿತ್ತು. ಸಿಡ್ನಿಯ ಪಶ್ಚಿಮದ ಕಡೆ ಆ ತಿಂಗಳಲ್ಲಿ ಬೆಳಗಿನ ಏಳಕ್ಕೇ ಬಿಸಿಲು ಬೆನ್ನಿಗೆ ತಾಗುತ್ತದೆ. ದಿ ಪಾಂಡ್ಸ್ ಎಂಬ ಹೊಸ ಬಡಾವಣೆಯಲ್ಲಿ ಆಗಿನ್ನೂ ಮನೆಗಳಿಗಿಂತ ಮಣ್ಣಿನ ಗುಡ್ಡೆಗಳೇ ಹೆಚ್ಚು. ಅಲ್ಲಿ ಒಂದು ಮನೆಯ ಮುಂದೆ ಮೊಣಕಾಲೂರಿ ನಾನು ಹುಲ್ಲು ಹಾಸುತ್ತಿದ್ದೆ.

ಹುಲ್ಲು ಹಾಸುವುದೆಂದರೆ ದನಗಳ ಮುಂದೆ ಹಾಕುವುದಲ್ಲ. ರಿಚ್ಮಂಡ್ ಕಡೆಯ ಹೊಳೆದಂಡೆಯ ತೋಟದಲ್ಲಿ ಬೆಳೆದ ಹುಲ್ಲನ್ನು ಬೇರು ಮಣ್ಣು ಸಮೇತ ಕಂಬಳಿಯ ಹಾಗೆ ಕೊಯ್ದು, ಸುರುಳಿ ಸುತ್ತಿ, ಲಾರಿಗೆ ಹೇರಿ ತಂದು, ಇಲ್ಲಿ ಬಿಚ್ಚಿ ಹಾಸಬೇಕು. ಬೆಳಗಿನ ಐದಕ್ಕೆ ಕೊಯ್ದ ಸುರುಳಿ ಮಧ್ಯಾಹ್ನದೊಳಗೆ ನೆಲ ಕಾಣಬೇಕು. ತಡವಾದರೆ ಸುರುಳಿಯ ಹೊಟ್ಟೆಯೊಳಗೆ ಕಾವು ಹುಟ್ಟಿ ಹುಲ್ಲು ಬೇಯಿಸಿದ ಮೆಂತ್ಯದ ಸೊಪ್ಪಿನಂತಾಗುತ್ತದೆ. ಒಂದು ಸಾಲಿನ ಸಂದು ಮುಂದಿನ ಸಾಲಿನ ಸಂದಿಗೆ ಕೂಡಬಾರದು. ಗೋಡೆಯಲ್ಲಿ ಇಟ್ಟಿಗೆ ಇಟ್ಟ ಹಾಗೆ ಸಂದು ತಪ್ಪಿಸಿ ತಪ್ಪಿಸಿ ಬರಬೇಕು. ಧಾರವಾಡದಲ್ಲಿ ಕೃಷಿ ಪದವಿ, ಇಲ್ಲಿಗೆ ಬಂದು ಅದರ ಮೇಲೊಂದು ಪದವಿ, ಆಮೇಲೆ ಇಲ್ಲೇ ನೆಲೆಸಲು ಪಿಆರ್, ಇಷ್ಟೆಲ್ಲ ಆದ ಮೇಲೆ ನನಗೆ ದಕ್ಕಿದ ವಿದ್ಯೆ ಇದು. ಯಜಮಾನ ಚಾರ್ಲಿಗೆ ನನ್ನ ಪದವಿಗಳ ವಿಷಯ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸದಿಂದ ತೆಗೆದಾನು ಎಂದು ನಾನೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಕೊನೆಯ ಸುರುಳಿ ಬಿಚ್ಚುವಾಗ ಜೇಬಿನ ಫೋನು ಅಲುಗಾಡಿತು. ಊರಿನಿಂದ ಅಣ್ಣ ಚನ್ನಮಲ್ಲಪ್ಪ. ಅವನಾಗಿ ಫೋನು ಮಾಡುವವನಲ್ಲ. ಮಿಸ್ಡ್ ಕಾಲ್ ಕೊಟ್ಟು ಸುಮ್ಮನಾಗುವವನು. ಇವತ್ತು ಬಿಡದೆ ಬಾರಿಸುತ್ತಿದ್ದ. ಗಾಬರಿಯಾಗಿ ಎತ್ತಿಕೊಂಡೆ.

“ತಮ್ಮಾ, ಎಲ್ಲಿ ಅದೀ?”

“ಪ್ರಾಕ್ಟೀಸಿಗೆ ಬಂದೀನಿ ಅಣ್ಣಾ,” ಎಂದೆ. ಉಗುರಿನ ತುಂಬ ಕೆಂಪು ಮಣ್ಣಿತ್ತು.

“ಆಡು ಆಡು. ಒಂದು ಮಾತು ಹೇಳಬೇಕಾಗಿತ್ತು. ಸಾಲಿ ಬಯಲಿಗೆ ಕಾಂಪೌಂಡ ಕಟ್ಟಿಸಿ ಕೊಡ್ತೀವಂತ ಮಾತು ಕೊಟ್ಟೀನಿ.”

“ಯಾರು ಕೊಡೂದು?”

“ನಾವು. ಅಂದ್ರ ನೀನ.”

ಹುಲ್ಲಿನ ಅಂಚು ಕತ್ತರಿಸಲು ಕೈಯಲ್ಲಿದ್ದ ಚಾಕುವನ್ನು ನೆಲಕ್ಕೆ ಚುಚ್ಚಿದೆ.

“ಹೆಡ್‌ಮಾಸ್ತರು ಪಂಚಾಕ್ಷರಯ್ಯನವರು ನನ್ನ ಕೈ ಹಿಡಕೊಂಡ ಕೇಳಿದ್ರು. ಅಂಥಾ ಆಟಗಾರ ಹುಟ್ಟಿದ ಊರಾಗ ಆಟದ ಬಯಲಿಗೆ ಒಂದು ಗ್ವಾಡಿ ಇಲ್ಲಂದ್ರ ಹೆಂಗ ಚನ್ನಮಲ್ಲಪ್ಪಾ ಅಂದ್ರು. ಹತ್ತು ಮಂದಿ ಇದ್ರು ಅಲ್ಲೆ. ನನಗೂ ಖರೇ ಅನಿಸ್ತು. ಬಾಳಪ್ಪ ಇಟ್ಟಂಗಿ ಸಿಮೆಂಟ ಉದ್ರಿ ಕೊಡ್ತಾನ. ಯುಗಾದಿ ಕಳದ ಮ್ಯಾಲ ಕೊಡ್ತೀವಿ ಅಂದೀನಿ. ನಿನ್ನ ಸಂಬಳದಾಗ ಅದ್ಯಾವ ಲೆಕ್ಕ?”

“ಹೂಂ,” ಎಂದೆ. ಬೇರೆ ಏನು ಹೇಳಲಿ? ಆ ಸಂಬಳ ಎರಡು ವರ್ಷದಿಂದ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರ ವಿಷಯ ಗೊತ್ತಿಲ್ಲದವನು ನಾನೊಬ್ಬನೇ.

ಇದು ಶುರುವಾದದ್ದು 2006ರಲ್ಲಿ. ಬ್ಲ್ಯಾಕ್‌ಟೌನ್ ಹತ್ತಿರದ ಒಂದು ಆಟದ ಮೈದಾನಕ್ಕೆ ಹುಲ್ಲು ಇಳಿಸಲು ಹೋಗಿದ್ದೆವು. ಲಾರಿಯ ಹಿಂದಿನ ಹಲಗೆ ತೆಗೆದದ್ದೇ ತಡ, ಸರಿಯಾಗಿ ಕಟ್ಟದ ಸುರುಳಿಗಳು ಒಂದರ ಹಿಂದೊಂದು ನನ್ನ ಮೇಲೆ ಉರುಳಿ ಬಂದವು. ಒಂದನ್ನು ಎದೆಯಲ್ಲಿ ತಡೆದೆ, ಇನ್ನೊಂದನ್ನು ಸೊಂಟದಲ್ಲಿ, ಮೂರನೆಯದಕ್ಕೆ ಮೊಣಕಾಲು ಕೊಟ್ಟೆ. ಬೀಳಲಿಲ್ಲ. ಹುಲ್ಲು ಹಾಳಾದರೆ ಚಾರ್ಲಿ ಕೂಲಿಯಲ್ಲಿ ಹಿಡಿಯುತ್ತಾನೆ ಎಂಬ ಹೆದರಿಕೆಯೊಂದು ಬಿಟ್ಟರೆ ನನ್ನೊಳಗೆ ಬೇರೇನೂ ಇರಲಿಲ್ಲ. ಆದರೆ ಅಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿದ್ದ ಮಿಕ್ ಎಂಬ ಮುದುಕ ಅದನ್ನು ಧೈರ್ಯ ಎಂದು ತಿಳಿದ. ಅವನು ಗ್ರಿಡೈರನ್ ಎಂಬ ಆಟದ ಕೋಚು. ಅಮೆರಿಕದವರು ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಆಡುತ್ತಾರಲ್ಲ, ಅದೇ ಆಟ. ಅದನ್ನು ಸಿಡ್ನಿಯಲ್ಲಿಯೂ ಆಡುತ್ತಾರೆ ಎಂಬುದು ಸಿಡ್ನಿಯವರಿಗೂ ಗೊತ್ತಿರಲಿಲ್ಲ. ನೋಡಲು ಬರುವವರು ಆಟಗಾರರ ಹೆಂಡಂದಿರು ಮತ್ತು ಎರಡು ನಾಯಿ.

ಮಿಕ್ ನನ್ನನ್ನು ಲೈನ್‌ಬ್ಯಾಕರ್ ಮಾಡಿದ. ಮುಂದಿನ ಸಾಲಿನಲ್ಲಿ ಗೂಳಿಗಳಂಥ ಆಳುಗಳು ಒಬ್ಬರನ್ನೊಬ್ಬರು ತಳ್ಳುತ್ತಿರುತ್ತಾರೆ. ಅವರ ಬೆನ್ನ ಹಿಂದೆ ನಿಂತು, ಎದುರಿನ ತಂಡದಲ್ಲಿ ಚೆಂಡು ಹಿಡಿದವನು ಯಾವ ಸಂದಿಯಿಂದ ನುಗ್ಗುತ್ತಾನೆಂದು ನೋಡಿ, ಅಲ್ಲಿಗೇ ಹೋಗಿ ಅವನನ್ನು ಕೆಡವುವುದು ಲೈನ್‌ಬ್ಯಾಕರನ ಕೆಲಸ. “ಮುಖ ನೋಡಬೇಡ, ಮುಖ ಸುಳ್ಳು ಹೇಳುತ್ತೆ. ಸೊಂಟ ನೋಡು,” ಎಂದು ಮಿಕ್ ಎರಡು ತಾಸು ಪಾಠ ಹೇಳಿದ. ಎಮ್ಮೆ ಯಾವ ಕಡೆ ಕಿತ್ತುಕೊಂಡು ಓಡುತ್ತದೆಂದು ಅದರ ಮುಖ ನೋಡಿ ತಿಳಿಯುವುದಿಲ್ಲ, ಹಿಂಭಾಗ ನೋಡಿ ತಿಳಿಯಬೇಕು ಎಂಬುದು ನನಗೆ ಏಳನೆಯ ವಯಸ್ಸಿಗೇ ಗೊತ್ತಿತ್ತು. ಹೀಗೆ ಮೊದಲ ಹಂಗಾಮಿನಲ್ಲೇ ನನಗೆ ಹೆಸರು ಬಂತು. ಬಸವಣ್ಣೆಪ್ಪ ಎಂಬುದು ಅವರ ಬಾಯಿಗೆ ಹಿಡಿಸದೆ ‘ಬ್ಯಾಜ್’ ಆಯಿತು. ಟೂಂಗಾಬಿಯ ಅಂಗಡಿಯಲ್ಲಿ ಸಿಕ್ಕ ಕನ್ನಡದವರೆಲ್ಲ “ಓ, ಊರಲ್ಲಿ ಕಬಡ್ಡಿ ಆಡ್ತಿದ್ರಾ?” ಎಂದು ಕೇಳುತ್ತಿದ್ದರು. ಊರಿನಲ್ಲಿ ಕಬಡ್ಡಿ ಆಡುವವರ ಅಂಗಿ ಕಾಯುತ್ತಿದ್ದೆ ಎಂಬುದನ್ನು ನಾನು ಹೇಳುತ್ತಿರಲಿಲ್ಲ.

ಹೆಲ್ಮೆಟ್ ಹಾಕಿಕೊಂಡ ಒಂದು ಫೋಟೊವನ್ನು ಅಣ್ಣನಿಗೆ ಕಳಿಸಿದೆ. ಅವನು ಕೇಳಿದ ಮೊದಲ ಪ್ರಶ್ನೆ, “ಎಷ್ಟ ಕೊಡ್ತಾರ?”

“ಕೊಡ್ತಾರ,” ಎಂದೆ.

“ಚಲೋ ಕೊಡ್ತಾರೇನು?”

“ಚಲೋ ಕೊಡ್ತಾರ.”

ನಿಜ ಹೇಳಬೇಕೆಂದರೆ ಕೊಡುತ್ತಿದ್ದವನು ನಾನು. ವರ್ಷಕ್ಕಿಷ್ಟು ಫೀಸು, ಹೆಲ್ಮೆಟ್ಟಿಗೆ ಬಾಡಿಗೆ, ಹಲ್ಲಿಗೆ ಕಚ್ಚಿಕೊಳ್ಳುವ ರಬ್ಬರಿಗೆ ಬೇರೆ. ಶನಿವಾರ ಮಧ್ಯಾಹ್ನ ಹೊಡೆಸಿಕೊಳ್ಳಲು ನಾನೇ ದುಡ್ಡು ಕಟ್ಟಿ, ಭಾನುವಾರ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗದೆ ಮಲಗಿರುತ್ತಿದ್ದೆ. ಇದನ್ನು ಅಣ್ಣನಿಗೆ ಹೇಗೆ ಹೇಳಲಿ? ಅವನು ಫೋಟೊಕ್ಕೆ ಕಟ್ಟು ಹಾಕಿಸಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ತೂಗಿಹಾಕಿದ. ಹೆಲ್ಮೆಟ್ಟಿನೊಳಗೆ ಮುಖವೇ ಕಾಣುವುದಿಲ್ಲ, ಇದು ನಮ್ಮ ಬಸವಣ್ಣೆಪ್ಪನೇ ಹೌದೋ ಅಲ್ಲವೋ ಎಂದು ಯಾರೋ ಅಂದರಂತೆ. ಅಣ್ಣ ಅಲ್ಲಿಯೇ ಬೆರಳು ಇಟ್ಟು ತೋರಿಸಿದನಂತೆ: “ಆ ಬಲಗಾಲು ನೋಡು, ಒಳಗ ತಿರಗೇತಿ. ನಮ್ಮ ಮನೀ ಕಾಲ ಅದು.”

ಆ ಕಾಲಿನಿಂದಲೇ ನನ್ನ ಆಟಕ್ಕೆ ಕಂಟಕವೂ ಬಂತು.

ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ, ತಕ್ಷಣ ಬಗ್ಗಿ, ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಬಸ್ಸಿನಲ್ಲಿ ಗುರುತಿಲ್ಲದವರಿಗೂ ಮಾಡುತ್ತೇವೆ, ಪುಸ್ತಕಕ್ಕೂ ಮಾಡುತ್ತೇವೆ. ಯೋಚನೆ ಮಾಡಿ ಮಾಡುವುದಲ್ಲ, ಕಣ್ಣಿಗೆ ದೂಳು ಬಂದರೆ ರೆಪ್ಪೆ ಮುಚ್ಚಿದ ಹಾಗೆ. ಗ್ರಿಡೈರನ್ನಿನಲ್ಲಿ ನಿಮಿಷಕ್ಕೆ ಐದು ಜನ ನೆಲಕ್ಕೆ ಬಿದ್ದಿರುತ್ತಾರೆ. ಅವರನ್ನು ತುಳಿಯದೆ ದಾಟಿದ ಲೈನ್‌ಬ್ಯಾಕರ್ ಹುಟ್ಟಿಲ್ಲ. ನಾನು ಓಡುತ್ತೇನೆ, ಬೂಟು ಯಾರದೋ ಬೆನ್ನಿಗೆ ತಾಗುತ್ತದೆ, ಕೈ ತಾನಾಗಿ ಬಗ್ಗಿ ಆ ಬೆನ್ನು ಮುಟ್ಟಿ ಹೆಲ್ಮೆಟ್ಟಿನ ಸರಳಿಗೆ ಬಂದು ಬಡಿಯುತ್ತದೆ. ಅಷ್ಟರಲ್ಲಿ ಚೆಂಡಿನವನು ಹತ್ತು ಗಜ ಮುಂದೆ.

ಮೊದಲ ಸಲ ಮಿಕ್ ಪ್ರೀತಿಯಿಂದಲೇ ಕೇಳಿದ: “ಬ್ಯಾಜ್, ಅಲ್ಲೇನು ಚಿಲ್ಲರೆ ಬಿದ್ದಿತ್ತಾ?”

“ಅವನಿಗೆ ನನ್ನ ಕಾಲು ತಾಗಿತು.”

“ಕಾಲೇನು, ಪೂರ್ತಿ ಮೈ ತಾಗಲಿ ಎಂದೇ ಅಲ್ಲವಾ ನಿನ್ನನ್ನು ಆಡಿಸುತ್ತಿರುವುದು?”

“ಮೈ ತಾಗಬಹುದು ಕೋಚ್. ಹೆಗಲಿನಿಂದ ಹೊಡೆಯಬಹುದು. ಕಾಲು ತಾಗಬಾರದು.”

ಮಿಕ್ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. “ಅಂದರೆ ಅವನ ಪಕ್ಕೆಲುಬು ಮುರಿದರೆ ಪರವಾಗಿಲ್ಲ?”

“ಅದು ಆಟ.”

ಮುಂದಿನ ಮಂಗಳವಾರದ ಪ್ರಾಕ್ಟೀಸಿನಲ್ಲಿ ಮಿಕ್ ಇಡೀ ತಂಡವನ್ನು ಸಾಲಾಗಿ ನೆಲಕ್ಕೆ ಮಲಗಿಸಿದ. ಮೂವತ್ತೆರಡು ಜನ. ನಾನು ಒಬ್ಬೊಬ್ಬರಿಗೂ ಬೂಟಿನ ತುದಿ ತಾಗಿಸಿ, ಕೈ ಬೆನ್ನಿಗೆ ಕಟ್ಟಿಕೊಂಡು ಸಾಲಿನ ಕೊನೆಗೆ ಹೋಗಬೇಕು. ಮೊದಲ ಮೂವರನ್ನು ಹಲ್ಲು ಕಚ್ಚಿ ದಾಟಿದೆ. ನಾಲ್ಕನೆಯವನು ಸಿಯೋನೆ, ಟೋಂಗಾದವನು, ಬಣವೆಯಂಥ ಮೈ. ಕಚಗುಳಿಯಾಗಿ ಕಿಸಕ್ಕನೆ ನಕ್ಕ. ನನ್ನ ಕೈ ಬಿಚ್ಚಿಕೊಂಡಿತು. ಅವನನ್ನು ಮುಟ್ಟಿ ಒತ್ತಿಕೊಂಡ ಮೇಲೆ, ಹಿಂದಿನ ಮೂವರು ಮಾತ್ರ ಏನು ಪಾಪ ಮಾಡಿದ್ದರು ಎನ್ನಿಸಿ ಹಿಂದಕ್ಕೆ ಹೋಗಿ ಅವರಿಗೂ ಮಾಡಿ ಬಂದೆ. ಮಿಕ್ ಸೀಟಿ ಕಿತ್ತು ಬೇಲಿಯ ಆಚೆ ಎಸೆದ. ಆಮೇಲೆ ಅದನ್ನು ಹುಡುಕಿ ತಂದವನೂ ನಾನೇ.

ಉಪಾಯ ಹೇಳಿದವನು ಯತೀಶ. ಗಿರಾವೀನ್‌ನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿ ರೆಂಟ್ ಹಂಚಿಕೊಂಡಿದ್ದೆವು. ಬೆಂಗಳೂರಿನವನು, ಐಟಿಯವನು. ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದ ನನ್ನನ್ನು ನೋಡಿ ಅವನೆಂದ:

“ಸಿಂಪಲ್ ಮಗಾ. ನೀನು ಪೋಸ್ಟ್‌ಪೇಯ್ಡ್ ಇಟ್ಕೊಂಡಿದ್ಯಾ. ಪ್ರೀಪೇಯ್ಡ್ ಮಾಡ್ಕೊ.”

“ಏನಂದ್ರ?”

“ಮ್ಯಾಚ್ ಶುರು ಆಗೋಕ್ ಮುಂಚೆ ಆ ಟೀಮ್‌ನೋರು ಎಲ್ರಿಗೂ ಸೇರಿಸಿ ಒಂದೇ ಸಲ ನೆಲ ಮುಟ್ಟಿ ಕಣ್ಗೊತ್ಕೊಂಡ್ಬಿಡು. ಇವತ್ತು ಯಾರ್ಯಾರನ್ನ ತುಳೀತೀನೋ ಅವರೆಲ್ರಿಗೂ ಅಂತ. ಆಮೇಲೆ ಆರಾಮಾಗಿ ತುಳ್ಕೊಂಡ್ ಓಡಾಡು.”

ನಾನು ನಕ್ಕೆ. ಆದರೆ ಅದು ಕೆಲಸ ಮಾಡಿತು. ಮುಂದೆ ಆಗುವುದಕ್ಕೆ ಮುಂಗಡ ಕೊಟ್ಟ ಮೇಲೆ ಕೈ ಸುಮ್ಮನಿರಲು ಒಪ್ಪಿತು. ಎದುರಿನ ತಂಡದವರು ಮಾತ್ರ ನಾನು ಏನೋ ಮಾಟ ಮಾಡುತ್ತಿದ್ದೇನೆಂದು ತಿಳಿದು, ನಾನು ಮುಟ್ಟಿದ ಜಾಗವನ್ನು ಸುತ್ತು ಹಾಕಿ ಓಡುತ್ತಿದ್ದರು. ಅದರಿಂದಲೂ ಉಪಯೋಗವಾಯಿತು. ಎರಡು ವರ್ಷ ಹೀಗೇ ನಡೆಯಿತು.

ಕಾಂಪೌಂಡಿನ ಮಾತು ಬಂದದ್ದು ಮೂರನೆಯ ಹಂಗಾಮಿನ ಹೊತ್ತಿಗೆ. ಅಂದಿನಿಂದ ನನಗೆ ನಿದ್ದೆ ಕೆಟ್ಟಿತು. ಹುಲ್ಲಿನ ಕೂಲಿ ರೆಂಟಿಗೂ ಓದಿನ ಸಾಲಕ್ಕೂ ಸರಿಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಚಿಂತೆ, ಅಣ್ಣನ ಮಾತು. ಅವನು ತನ್ನ ಜೀವಮಾನದಲ್ಲಿ ಹತ್ತು ಜನರ ಮುಂದೆ ಕೊಟ್ಟ ಮಾತು ಅದೊಂದೇ ಇರಬೇಕು. ಅದನ್ನು ಅವನು ನಿಲ್ಲಿಸಿದ್ದು ನನ್ನ ಸುಳ್ಳಿನ ಮೇಲೆ. ಯುಗಾದಿಯೊಳಗೆ ಆ ಸುಳ್ಳನ್ನು ಹೇಗಾದರೂ ಮಾಡಿ ನಿಜ ಮಾಡಬೇಕಾಗಿತ್ತು.

ಫೆಬ್ರವರಿಯಲ್ಲಿ ಮಿಕ್ ಸುದ್ದಿ ತಂದ. ಮೆಲ್ಬರ್ನ್‌ನಲ್ಲಿ ಗ್ರೆಗ್ ಎಂಬ ದುಡ್ಡಿನವನು ಹೊಸದಾಗಿ ನಾಲ್ಕು ತಂಡ ಕಟ್ಟುತ್ತಿದ್ದಾನೆ, ಆಟಗಾರರಿಗೆ ಸಂಬಳ ಕೊಡುತ್ತಾನೆ, ಹತ್ತು ಮ್ಯಾಚು. ಮಾರ್ಚ್ ಮಧ್ಯದ ಶನಿವಾರ ಆಯ್ಕೆಯ ಮ್ಯಾಚು. ಲೈನ್‌ಬ್ಯಾಕರ್ ಜಾಗ ಒಂದು ಖಾಲಿಯಿದೆ, ನಿನ್ನ ಹೆಸರು ಕೊಟ್ಟಿದ್ದೇನೆ.

“ಸಂಬಳ ನಿಜವಾಗಿಯೂ ಕೊಡುತ್ತಾನಾ?” ಎಂದು ಎರಡು ಸಲ ಕೇಳಿದೆ.

“ಕಾಗದ ಮಾಡಿಕೊಡುತ್ತಾನೆ. ನೀನು ಪ್ರೊಫೆಷನಲ್ ಆಗುತ್ತೀಯ ಬ್ಯಾಜ್. ಬಗ್ಗಬೇಡ, ಅಷ್ಟೇ.”

ಯತೀಶನ ಹಳೆಯ ಕೊರೊಲಾದಲ್ಲಿ ಮೆಲ್ಬರ್ನ್‌ಗೆ ಹೊರಟೆವು. ತನ್ನನ್ನು ಮ್ಯಾನೇಜರ್ ಎಂದು ಪರಿಚಯ ಮಾಡಿಕೊಡಬೇಕೆಂಬ ಷರತ್ತಿನ ಮೇಲೆ ಅವನು ರಜೆ ಹಾಕಿದ್ದ. ದಾರಿಯುದ್ದಕ್ಕೂ ಒಣಗಿ ನಿಂತ ಹುಲ್ಲುಗಾವಲು, ಕುರಿ, ಮತ್ತೆ ಹುಲ್ಲುಗಾವಲು. ಗುಂಡಗೈ ಎಂಬ ಊರು ದಾಟುವ ಹೊತ್ತಿಗೆ ಬುತ್ತಿಯ ಚಿತ್ರಾನ್ನ ಮುಗಿದಿತ್ತು. “ಕಾಂಟ್ರ್ಯಾಕ್ಟ್ ಸೈನ್ ಮಾಡೋವಾಗ ಪೆನ್ ಕೇಳ್ಬೇಡ ಗುರೂ, ಚೀಪಾಗ್ ಕಾಣುತ್ತೆ,” ಎಂದು ಅವನು ತನ್ನದೊಂದು ಒಳ್ಳೆಯ ಪೆನ್ನನ್ನು ನನ್ನ ಜೇಬಿಗೆ ಸಿಕ್ಕಿಸಿದ.

ಮೈದಾನ ಮೆಲ್ಬರ್ನ್‌ನ ಪಶ್ಚಿಮಕ್ಕಿತ್ತು. ಬೆಳಿಗ್ಗೆ ಸೆಕೆ, ಹತ್ತಕ್ಕೆ ಗಾಳಿ, ಹನ್ನೊಂದಕ್ಕೆ ನಾಲ್ಕು ಹನಿ ಮಳೆ. ನೋಡಲು ಮುನ್ನೂರು ಜನ ಬಂದಿದ್ದರು. ಅಷ್ಟು ಜನರನ್ನು ನಾನು ಈ ಆಟದಲ್ಲಿ ಕಂಡಿರಲಿಲ್ಲ. ಮೈಕು ಬೇರೆ. ಗ್ರೆಗ್ ಬಿಳಿ ಟೋಪಿ ಹಾಕಿಕೊಂಡು ಗೆರೆಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದ, ತೊಡೆಯ ಮೇಲೆ ಒಂದು ಪುಸ್ತಕ.

ನಾನು ನೆಲ ಮುಟ್ಟಿ ಮುಂಗಡ ಸಲ್ಲಿಸಿದೆ. ಆಟ ಶುರುವಾಯಿತು.

ಹೇಳಿಕೊಳ್ಳಬಾರದು, ಆದರೆ ಇನ್ನು ಮುಂದೆ ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲವಾದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಆ ದಿನ ನಾನು ಚೆನ್ನಾಗಿ ಆಡಿದೆ. ಅವರ ಸೊಂಟಗಳು ನನಗೆ ತೆರೆದಿಟ್ಟ ಪುಸ್ತಕದಂತಿದ್ದವು. ಚೆಂಡಿನವನು ಎಡಕ್ಕೆ ನುಗ್ಗುವ ಮೊದಲೇ ನಾನು ಎಡದಲ್ಲಿರುತ್ತಿದ್ದೆ. ಏಳು ಸಲ ಕೆಡವಿದೆ. ಬಿದ್ದವರ ಬೆನ್ನು, ಕಾಲು, ಹೊಟ್ಟೆ ತುಳಿದುಕೊಂಡು ಹೋದೆ, ಕೈ ಒಮ್ಮೆಯೂ ಮಿಸುಕಲಿಲ್ಲ. ಗ್ರೆಗ್ ಪುಸ್ತಕದಲ್ಲಿ ಬರೆದುಕೊಳ್ಳುವುದು ಕಂಡಿತು. ಯತೀಶ ದೂರದಿಂದ ಗಾಳಿಯಲ್ಲಿ ಸಹಿ ಹಾಕಿ ತೋರಿಸಿದ.

ಆಟ ಮುಗಿಯಲು ಇನ್ನು ಆರು ನಿಮಿಷವಿದ್ದಾಗ ಅವರ ಚೆಂಡು ನಮ್ಮ ಕೊನೆಯ ಗೆರೆಯ ಹತ್ತಿರಕ್ಕೆ ಬಂತು. ಅದನ್ನು ದಾಟಿದರೆ ಅವರಿಗೆ ಅಂಕ. ಅವರ ಮುಂದಿನ ಸಾಲಿನಲ್ಲಿ ಕೆವಿನ್ ಎಂಬ ದಡೂತಿ ಮನುಷ್ಯನಿದ್ದ. ನನ್ನನ್ನು ತಡೆಯಲು ಬಂದವನು ಕಾಲು ಜಾರಿ ಮುಗ್ಗರಿಸಿದ, ಪಟ್ಟಿ ಕಿತ್ತು ಹೆಲ್ಮೆಟ್ ಉರುಳಿಹೋಯಿತು. ಅವನನ್ನು ದಾಟಿ ಹಾರಿದೆ. ಮುಂದಿನ ಕಾಲು ದಾಟಿತು. ಹಿಂದಿನ ಕಾಲು, ಆ ಒಳಗೆ ತಿರುಗಿದ ಬಲಗಾಲು, ಅವನ ತಲೆಗೆ ಮೆತ್ತಗೆ ತಾಗಿತು. ತಲೆ ಪೂರ್ತಿ ನರೆತಿತ್ತು.

ನನ್ನ ಮುಂಗಡದಲ್ಲಿ ಬೆನ್ನು, ಕೈ, ಕಾಲು ಎಲ್ಲ ಇದ್ದವು. ನರೆತ ತಲೆ ಇರಲಿಲ್ಲ.

ಚೆಂಡಿನವನು ನನ್ನ ಕೈಯಳತೆಯಲ್ಲೇ ಬರುತ್ತಿದ್ದ. ನಾನು ಹಿಂದಕ್ಕೆ ಎರಡು ಹೆಜ್ಜೆ ಬಂದು, ಕೂತು, ಕೆವಿನ್ನನ ಕೂದಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹೆಲ್ಮೆಟ್ ಅಡ್ಡ ಬಂದದ್ದರಿಂದ ಇನ್ನೊಮ್ಮೆ, ಬೆರಳನ್ನು ಸರಳಿನ ನಡುವೆ ತೂರಿಸಿ, ಸರಿಯಾಗಿ.

ಕೆವಿನ್ ಒಂದು ಕಣ್ಣು ಬಿಟ್ಟ. “ನಾನು ಸತ್ತಿಲ್ಲ ಕಣಯ್ಯಾ. ಓಡು, ಅವನನ್ನು ಹಿಡಿ!” ಎಂದ. ಎದುರು ತಂಡದವನೇ ಹಾಗೆಂದ ಮೇಲೆ ನನಗೆ ಎಚ್ಚರವಾಯಿತು. ತಿರುಗಿ ನೋಡಿದರೆ ಚೆಂಡು ಗೆರೆ ದಾಟಿತ್ತು. ಮುನ್ನೂರು ಜನ ನಕ್ಕರು, ಆಮೇಲೆ ಯಾಕೋ ಚಪ್ಪಾಳೆ ತಟ್ಟಿದರು. ಮೈಕಿನವನು ಏನು ಹೇಳಬೇಕೆಂದು ತಿಳಿಯದೆ ನನ್ನ ನಂಬರು ಮಾತ್ರ ಓದಿದ.

ಆಟ ಮುಗಿದ ಮೇಲೆ ಗ್ರೆಗ್ ತನ್ನ ತಗಡಿನ ಆಫೀಸಿಗೆ ಕರೆಸಿದ. ಯತೀಶ ಮ್ಯಾನೇಜರ್ ಆಗಿ ಹಿಂದೆಯೇ ಬಂದ.

“ನಿನ್ನಷ್ಟು ಚೆನ್ನಾಗಿ ಆಟ ಓದುವವನನ್ನು ನಾನು ಈ ದೇಶದಲ್ಲಿ ನೋಡಿಲ್ಲ,” ಎಂದ ಗ್ರೆಗ್. “ಆದರೆ ನಿನ್ನನ್ನು ಆಡಿಸಲಾರೆ. ಗೊತ್ತಲ್ಲ?”

“ಗೊತ್ತು.”

“ಆದರೆ ಜನ ಚಪ್ಪಾಳೆ ತಟ್ಟಿದರು. ಕೇಳಿಸಿತಾ? ಇಡೀ ಮಧ್ಯಾಹ್ನದಲ್ಲಿ ಅವರು ತಟ್ಟಿದ್ದು ಅದೊಂದಕ್ಕೇ.” ಅವನು ಮುಂದಕ್ಕೆ ಬಾಗಿದ. “ಹತ್ತು ಮ್ಯಾಚಿಗೂ ನಿನಗೆ ಸಂಬಳ ಕೊಡುತ್ತೇನೆ. ಆಟಗಾರನಿಗೆ ಎಷ್ಟೋ ಅಷ್ಟೇ. ನೀನು ಆಡುವುದು ಬೇಡ. ಯೂನಿಫಾರ್ಮ್ ಹಾಕಿಕೊಂಡು ಮೊದಲು ನೀನು ಬರಬೇಕು, ಎರಡೂ ತಂಡದವರಿಗೆ ಒಬ್ಬೊಬ್ಬರಿಗೂ ಆ ನಮಸ್ಕಾರ ಮಾಡಬೇಕು. ಮೇಲೆ ಒಂದು ಪೇಟ ಇದ್ದರೆ ಇನ್ನೂ ಚೆನ್ನ. ಹತ್ತು ನಿಮಿಷದ ಕೆಲಸ.”

ಯತೀಶ ಕನ್ನಡದಲ್ಲಿ ಪಿಸುಗುಟ್ಟಿದ: “ತಗೋ ಮಗಾ. ಮೈ ಕೈ ನೋವಿಲ್ಲ, ಏನಿಲ್ಲ. ಕಾಗದದಲ್ಲಿ ಪ್ಲೇಯರ್ ಅಂತಾನೇ ಬರುತ್ತೆ. ನಿಮ್ಮಣ್ಣಂಗೆ ಗೊತ್ತಾಗುತ್ತಾ?”

ನನಗೂ ಹಾಗೇ ಅನ್ನಿಸಿತು. ಇಲ್ಲಿ ನನ್ನ ಮಾನ ಮರ್ಯಾದೆಯ ಮಾತು ಬಂತೆಂದು ಓದುವವರು ತಿಳಿಯಬಾರದು. ಸುಳ್ಳು ನಿಜವಾಗುತ್ತದೆ, ಗೋಡೆ ಏಳುತ್ತದೆ, ಅಣ್ಣ ಗೆಲ್ಲುತ್ತಾನೆ. “ಆಗಲಿ,” ಎಂದೆ. ಜೇಬಿನ ಪೆನ್ನು ಮುಟ್ಟಿಕೊಂಡೆ.

“ಒಂದು ಸಲ ಮಾಡಿ ತೋರಿಸು,” ಎಂದು ಗ್ರೆಗ್ ಸಣ್ಣ ಕ್ಯಾಮೆರಾ ಹಿಡಿದು ಎದ್ದು ನಿಂತ. “ನಾನೇ ಆಟಗಾರ ಅಂದುಕೋ.”

ನಾನು ಬಗ್ಗಿದೆ. ಅವನ ಬೂಟು ಮುಟ್ಟಿದೆ. ಕೈ ಎದೆಯ ತನಕ ಬಂದು ಅಲ್ಲಿಯೇ ನಿಂತಿತು.

“ಮುಂದೆ?”

“ಬರುತ್ತಿದೆ,” ಎಂದೆ. ಬರಲಿಲ್ಲ. ಇನ್ನೊಮ್ಮೆ ಬಗ್ಗಿದೆ. ಮತ್ತೆ ಅದೇ. ಕಾಲು ಯಾರಿಗೂ ತಾಗಿಲ್ಲ, ತಾಗುವುದೂ ಇಲ್ಲ. ಕೈ ಯಾವ ಲೆಕ್ಕದಲ್ಲಿ ಕಣ್ಣಿಗೆ ಹೋದೀತು? ಮೊಂಡ ಎತ್ತಿನ ಹಾಗೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಮೇಲಕ್ಕೆ ನೂಕಿದೆ. ಹಣೆಗೆ ಬಡಿದುಕೊಂಡೆ. ನೊಣ ಓಡಿಸಿದಂತೆ ಕಂಡಿತೆಂದು ಆಮೇಲೆ ಯತೀಶ ಹೇಳಿದ.

“ನಾಚಿಕೆಯಾ?” ಎಂದ ಗ್ರೆಗ್. ಒಳ್ಳೆಯವನೇ. “ಬೇಕಾದರೆ ನನ್ನನ್ನು ತುಳಿ. ಪರವಾಗಿಲ್ಲ, ತುಳಿ.”

ತುಳಿದೆ. ಅವನ ಬೂಟಿನ ಮೇಲೆ ನನ್ನ ಬೂಟನ್ನು, ತಪ್ಪು ತಿಳಿಯಬೇಡ ಎಂದು ಹೇಳಿ, ನಿಧಾನವಾಗಿ ಇಟ್ಟೆ. ಬೇಕೆಂದೇ ತುಳಿದ ಮೇಲೆ ಕೈಗೆ ಇನ್ನೂ ಸಿಟ್ಟು ಬಂದಿರಬೇಕು. ಈ ಸಲ ಅದು ಸೊಂಟದಿಂದ ಮೇಲೇಳಲೂ ಇಲ್ಲ. ನಾವಿಬ್ಬರೂ ಆ ತಗಡಿನ ಕೋಣೆಯಲ್ಲಿ, ಒಬ್ಬನ ಕಾಲ ಮೇಲೆ ಇನ್ನೊಬ್ಬನ ಕಾಲು ಇಟ್ಟುಕೊಂಡು, ಸುಮಾರು ಹೊತ್ತು ನಿಂತಿದ್ದೆವು.

“ಸರಿ ಬಿಡು,” ಎಂದು ಗ್ರೆಗ್ ಕ್ಯಾಮೆರಾ ಮುಚ್ಚಿದ.

ನನ್ನ ವೃತ್ತಿಜೀವನ ಅಲ್ಲಿಗೆ ಮುಗಿಯಿತು. “ಆಗಲಿ” ಎಂದಲ್ಲಿಂದ “ಸರಿ ಬಿಡು” ಎಂಬಲ್ಲಿಗೆ ಲೆಕ್ಕ ಹಿಡಿದರೆ ನಾಲ್ಕು ನಿಮಿಷ ನಾನು ಪ್ರೊಫೆಷನಲ್ ಆಗಿದ್ದೆ.

ಮರುದಿನ ವಾಪಸು ಬರುವಾಗ ಯತೀಶ ಪೆಟ್ರೋಲು ಹಾಕಿಸಲು ನಿಲ್ಲಿಸಿದ ಕಡೆ ಅಣ್ಣನಿಗೆ ಫೋನು ಮಾಡಿದೆ. ಇಷ್ಟಾದ ಮೇಲೆ ನಿಜ ಹೇಳಿಬಿಡುವುದೇ ಸರಿ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

“ಅಣ್ಣಾ, ನಾ ಒಂದು ಸುಳ್ಳು ಹೇಳಿದ್ದೆ. ನನಗ ಸಂಬಳ ಇಲ್ಲ. ಎಂದೂ ಇರಲಿಲ್ಲ.”

ಆ ಕಡೆ ಯಾರದೋ ಟ್ರ್ಯಾಕ್ಟರು ಹಾದುಹೋದದ್ದು ಕೇಳಿತು.

“ಅಣ್ಣಾ?”

“ಕೇಳಾಕತ್ತೀನಿ. ಮತ್ತ ಎರಡು ವರ್ಷದಿಂದ ಏನ ಆಡಾಕತ್ತಿದ್ದಿ?”

“ಆಡತಿದ್ದೆ. ಆದ್ರ ಅವರು ಕೊಡತಿರಲಿಲ್ಲ. ನಾನ ಅವರಿಗೆ ಕೊಡತಿದ್ದೆ. ವರ್ಷಕ್ಕಿಷ್ಟು ಅಂತ.”

“ನೀನ ಕೊಡತಿದ್ದಿ.”

“ಹೌದು.”

“ಹೊಡಸ್ಕೊಳ್ಳಾಕ.”

“ಹೌದಣ್ಣಾ.”

ಅಣ್ಣನ ದನಿ ಬೇರೆಯಾಯಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ತಮ್ಮಾ, ಕೊಡಾಕ ಮನಸಿಲ್ಲಂದ್ರ ಮನಸಿಲ್ಲ ಅನ್ನು. ನಾ ಏನೂ ಅನ್ನೂದಿಲ್ಲ. ನಿನ್ನ ದುಡಿಮಿ, ನಿನ್ನ ರೊಕ್ಕ. ನಿನ್ನ ಕೇಳದ ಮಾತು ಕೊಟ್ಟದ್ದು ನಂದ ತಪ್ಪು. ಆದ್ರ ಮನೀ ಮಂದಿ ಮುಂದ ಗಳಿಕಿ ಮುಚ್ಚಿಡಾಕ ಇಂಥಾದೊಂದು ಕತಿ ಕಟ್ಟಬ್ಯಾಡ. ಹೊಡಸ್ಕೊಳ್ಳಾಕ ಕೈಯಿಂದ ರೊಕ್ಕ ಕೊಡಾಂವ ಯಾವನರ ಇದ್ದಾನೇನು ಲೋಕದಾಗ? ಇದನ್ನ ನಾ ಬಾಳಪ್ಪಗ ಹೇಳಿದ್ರ ಅವ ನನ್ನ ಮಾರಿ ನೋಡ್ತಾನೇನು?”

ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಎರಡು ವರ್ಷದ ಸುಳ್ಳನ್ನು ಅವನು ಒಂದು ಮಾತಿಗೆ ನಂಬಿದ್ದ. ನಿಜವನ್ನು ಆಣೆ ಮಾಡಿ ಹೇಳಿದರೂ ನಂಬುವ ಹಾಗಿರಲಿಲ್ಲ. ಯೋಚಿಸಿ ನೋಡಿದರೆ ನನಗೇ ನಂಬಿಕೆ ಬರುತ್ತಿರಲಿಲ್ಲ.

“ಬಾಳಪ್ಪಗ ಸ್ವಲ್ಪ ತಡಿಯಾಕ ಹೇಳು,” ಎಂದೆ. “ಇವರು ಸಂಬಳ ಒಮ್ಮೆಲೆ ಕೊಡೂದಿಲ್ಲ. ತಿಂಗಳಿಗೊಮ್ಮಿ ಕೊಡ್ತಾರ. ಬಂದಂಗ ಕಳಸ್ತೀನಿ.”

“ಹಾಂ! ಹಂಗ ಹೇಳು ಮತ್ತ,” ಎಂದ ಅಣ್ಣ. ಎಷ್ಟು ಸಮಾಧಾನವಾಯಿತೆಂದರೆ ಊಟ ಮಾಡಿದೆಯಾ ಎಂದು ಕೇಳಿದ.

ಸಿಡ್ನಿಗೆ ಬಂದು ಆಟ ಬಿಟ್ಟೆ, ಶನಿವಾರಗಳು ಖಾಲಿಯಾದವು. ಚಾರ್ಲಿಗೆ ಶನಿವಾರ ಆಳು ಸಿಗುತ್ತಿರಲಿಲ್ಲ, ಕೂಲಿ ಒಂದೂವರೆ ಪಟ್ಟು. ಆ ವರ್ಷ ದಿ ಪಾಂಡ್ಸ್‌ನಲ್ಲಿ ಬೀದಿಗೆ ಬೀದಿಯೇ ಎದ್ದು ನಿಂತಿತು. ಅದರ ಅರ್ಧಕ್ಕರ್ಧ ಅಂಗಳಗಳನ್ನು ನಾನೇ ಹಸಿರು ಮಾಡಿದೆ ಎಂದರೆ ಜಂಬವಲ್ಲ. ಮಿಕ್ ಒಂದೆರಡು ಸಲ ಫೋನು ಮಾಡಿದ. ಬೆನ್ನುನೋವು ಎಂದೆ. ಗ್ರೆಗ್‌ನ ನಾಲ್ಕು ತಂಡಗಳು ಮೂರು ಮ್ಯಾಚಿಗೆ ಮುಚ್ಚಿಹೋದವು ಎಂದು ಮಿಕ್‌ನಿಂದಲೇ ತಿಳಿಯಿತು. ಹೇಳಿದ ಸಂಬಳ ಯಾರಿಗೂ ಪೂರ್ತಿ ಸಿಗಲಿಲ್ಲವಂತೆ. ಅದರಲ್ಲಿ ಸಂತೋಷಪಡಬಾರದು. ಸ್ವಲ್ಪ ಪಟ್ಟೆ.

ಡಿಸೆಂಬರಿನಲ್ಲಿ ಕೊನೆಯ ಕಂತು ಕಳಿಸಿದೆ. ನಾಲ್ಕು ದಿನ ಬಿಟ್ಟು ಅಣ್ಣ ಮಿಸ್ಡ್ ಕಾಲ್ ಕೊಟ್ಟ. ನಾನು ತಿರುಗಿ ಮಾಡಿದೆ.

“ಬಾಳಪ್ಪನ ಬಾಕಿ ಹರೀತು ತಮ್ಮಾ. ಇವತ್ತ ಹೋಗಿ ಅವನ ಮುಂದ ಕುಂತು ಚೀಟಿ ಹರಸಿ ಬಂದೆ.”

“ಗ್ವಾಡಿ ಹೆಂಗ ಆಗೇತಿ?”

“ಭಾರಿ ಆಗೇತಿ. ಪಂಚಾಕ್ಷರಯ್ಯನವರು ನಿನ್ನ ಹೆಸರು ಬರಸ್ಯಾರ. ಆಸ್ಟ್ರೇಲಿಯಾದ ಹೆಸರಾಂತ ಆಟಗಾರರು ಅಂತ ಮ್ಯಾಲ ಸೇರಿಸ್ಯಾರ. ನಾ ಬ್ಯಾಡಂತ ಅನ್ನಲಿಲ್ಲ.”

“ಇರಲಿ.”

“ಗೇಟ್ ಒಂದ ಉಳದೈತಿ. ಕಬ್ಬಿಣದ್ದು. ಏನೂ ಅವಸರ ಇಲ್ಲ.”

ಗೇಟಿಗೆ ಇನ್ನೆಷ್ಟು ಶನಿವಾರ ಬೇಕೆಂದು ನಾನು ಬೆರಳಲ್ಲಿ ಎಣಿಸತೊಡಗಿದೆ. ಅಷ್ಟರಲ್ಲಿ ಅಣ್ಣ ಹೊಸ ಮಾತೆಂಬಂತೆ ದನಿ ತೆಗೆದು ಕೇಳಿದ:

“ಅಲ್ಲೊ ತಮ್ಮಾ, ಮುಂದಿನ ವರ್ಷಕ್ಕ ಅವರು ನಿನ್ನ ಸಂಬಳ ಏನರ ಹೆಚ್ಚ ಮಾಡ್ತಾರೇನು?”

“ಕೇಳಿ ನೋಡ್ತೀನಿ ಅಣ್ಣಾ,” ಎಂದೆ.